ಕೈಪಿಡಿ ಹೇಳದ 105 ಸಂಕೇತಗಳು

ಕಮೊಡೋರ್ 64 ಕಂಪ್ಯೂಟರಿನ 53273ನೇ ವಿಳಾಸದಲ್ಲಿರುವುದು ಮಾಮೂಲಿ ಮೆಮೊರಿಯಲ್ಲ, ಪರದೆಯ ಮೇಲೆ ಚಿತ್ರ ಮೂಡಿಸುವ ವಿಕ್-2 ಚಿಪ್ಪಿನ ಒಂದು ರಿಜಿಸ್ಟರು. ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತ ಬರುವ ಈ ಚಿಪ್ಪು, ಪ್ರೋಗ್ರಾಂ ಮೊದಲೇ ಹೇಳಿಟ್ಟ ಗೆರೆಗೆ ತಲುಪಿದ ಕೂಡಲೇ ಪ್ರೊಸೆಸರನ್ನು ಕರೆಯುತ್ತದೆ. ಇಂಟರಪ್ಟ್ ಎನ್ನುವುದು ಇದನ್ನೇ. ಕರೆದದ್ದಕ್ಕೆ ಗುರುತಾಗಿ 53273ರಲ್ಲಿ ಕೊನೆಯ ಬಿಟ್ 1 ಆಗುತ್ತದೆ. ಪ್ರೊಸೆಸರ್ ಬಂದು ತನ್ನ ಕೆಲಸ ಮಾಡಿ, ಕರೆ ಮುಟ್ಟಿತೆಂದು ತಿಳಿಸಬೇಕು. ತಿಳಿಸುವ ಕ್ರಮ ಹೀಗೆ: ಯಾವ ಬಿಟ್ಟನ್ನು ಅಳಿಸಬೇಕೋ ಆ ಜಾಗದಲ್ಲಿ 1 ಬರೆಯಬೇಕು. ಬರೆದರೆ ಅದು 0 ಆಗುತ್ತದೆ. ಬರೆಯದಿದ್ದರೆ ವಿಕ್ ಕರೆಯುತ್ತಲೇ ಇರುತ್ತದೆ.

ನೇರ ದಾರಿಯಲ್ಲಿ ಹೋದರೆ ಇದಕ್ಕೆ ಎರಡು ಆದೇಶ, ಐದು ಬೈಟ್ ಬೇಕು. ಜೊತೆಗೆ ಪ್ರೊಸೆಸರಿನ ಎ ರಿಜಿಸ್ಟರಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ. 1980ರ ದಶಕದಲ್ಲಿ ಈ ಯಂತ್ರಕ್ಕೆ ಆಟಗಳನ್ನು ಬರೆಯುತ್ತಿದ್ದವರು ಒಂದು ಅಡ್ಡದಾರಿ ಕಂಡುಕೊಂಡಿದ್ದರು. ‘ಐಎನ್‌ಸಿ 53273’, ಅಂದರೆ ಆ ವಿಳಾಸದಲ್ಲಿರುವ ಸಂಖ್ಯೆಗೆ ಒಂದು ಕೂಡಿಸು. ಒಂದೇ ಆದೇಶ, ಮೂರೇ ಬೈಟ್, ಯಾವ ರಿಜಿಸ್ಟರಿಗೂ ಧಕ್ಕೆಯಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಕೆಲಸ ಮಾಡಲೇಬಾರದು. ಇಂಟರಪ್ಟ್ ಬಂದಾಗ ಆ ರಿಜಿಸ್ಟರನ್ನು ಓದಿದರೆ 11110001 ಸಿಗುತ್ತದೆ. ಒಂದು ಕೂಡಿಸಿದರೆ 11110010. ಅದನ್ನು ಹಿಂದಕ್ಕೆ ಬರೆದಾಗ ಕೊನೆಯ ಬಿಟ್ಟಿಗೆ ಹೋಗುವುದು 0. ಸೊನ್ನೆ ಬರೆದರೆ ಏನೂ ಅಳಿಯುವುದಿಲ್ಲ. ಆದರೂ ಅಳಿಯುತ್ತದೆ, ಪ್ರತಿ ಸಲವೂ.

ಕಾರಣ ಪ್ರೊಸೆಸರಿನ ಒಳಗಿದೆ. ಕಮೊಡೋರ್ 64ರ ಪ್ರೊಸೆಸರಿನ ಹೆಸರು 6510. ಅದರ ತಿರುಳು 6502. ಐಎನ್‌ಸಿ ಆದೇಶಕ್ಕೆ ಅದು ಕ್ಲಾಕಿನ ಆರು ಮಿಡಿತ ತೆಗೆದುಕೊಳ್ಳುತ್ತದೆ. ಮೊದಲ ಮೂರು ಮಿಡಿತಗಳಲ್ಲಿ ಆದೇಶವನ್ನೂ ವಿಳಾಸವನ್ನೂ ಓದುತ್ತದೆ, ನಾಲ್ಕನೆಯದರಲ್ಲಿ ಆ ವಿಳಾಸದ ಸಂಖ್ಯೆಯನ್ನು ಓದುತ್ತದೆ, ಆರನೆಯದರಲ್ಲಿ ಹೊಸ ಸಂಖ್ಯೆ ಬರೆಯುತ್ತದೆ. ಐದನೆಯ ಮಿಡಿತದಲ್ಲಿ ಒಳಗೆ ಕೂಡುವ ಕೆಲಸ ನಡೆದಿರುತ್ತದೆ, ಹೊರಗೆ ಮಾಡಬೇಕಾದ್ದೇನೂ ಇಲ್ಲ. ಆದರೆ 6502ಕ್ಕೆ ಸುಮ್ಮನಿರಲು ಬರುವುದಿಲ್ಲ. ಪ್ರತಿ ಮಿಡಿತದಲ್ಲೂ ಅದು ಓದುತ್ತಿರಬೇಕು, ಇಲ್ಲವೇ ಬರೆಯುತ್ತಿರಬೇಕು. ಐದನೆಯದರಲ್ಲಿ ಅದು ಆಗತಾನೆ ಓದಿದ ಹಳೆಯ ಸಂಖ್ಯೆಯನ್ನೇ ಇದ್ದಲ್ಲಿಗೆ ತಿರುಗಿ ಬರೆಯುತ್ತದೆ. ಮಾಮೂಲಿ ಮೆಮೊರಿಯಾದರೆ ಇದರಿಂದ ಏನೂ ಆಗದು. 53273ರಲ್ಲಿ ಮಾತ್ರ 11110001 ಬರೆದ ಆ ಕ್ಷಣದಲ್ಲೇ ಇಂಟರಪ್ಟಿನ ಗುರುತು ಅಳಿಯುತ್ತದೆ.

ಈಗ ಅದೇ ಯಂತ್ರದಲ್ಲಿ 6510ರ ಬದಲು, ಅದರದೇ ಸುಧಾರಿತ ಕುಲಕ್ಕೆ ಸೇರಿದ 65ಸಿ02 ತಿರುಳಿನ ಪ್ರೊಸೆಸರ್ ಕೂರಿಸಿದೆವು ಎನ್ನೋಣ. ಇದರ ವಿನ್ಯಾಸಕಾರರು ಐದನೆಯ ಮಿಡಿತದ ಅನಗತ್ಯ ಬರಹವನ್ನು ಕಂಡು ಅದನ್ನು ಓದಾಗಿ ಬದಲಿಸಿದ್ದರು. ಅಚ್ಚುಕಟ್ಟಾದ ತಿದ್ದುಪಡಿಯೇ. ಆದರೆ ಈಗ ವಿಕ್ ಚಿಪ್ಪಿಗೆ ಹೋಗುವುದು 11110010 ಒಂದೇ. ಗುರುತು ಅಳಿಯುವುದಿಲ್ಲ. ಪ್ರೊಸೆಸರ್ ಇಂಟರಪ್ಟಿನಿಂದ ಹೊರಬಂದ ಮರುಗಳಿಗೆ ಮತ್ತೆ ಕರೆ ಬರುತ್ತದೆ. ಆಟ ಅಲ್ಲಿಗೇ ನಿಂತುಬಿಡುತ್ತದೆ.

ಎರಡೂ ಚಿಪ್ಪುಗಳ ಆದೇಶಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಐಎನ್‌ಸಿ ಎರಡರಲ್ಲೂ ಇದೆ, ಸಂಕೇತ ಒಂದೇ, ಅರ್ಥ ಒಂದೇ, ಮಿಡಿತಗಳ ಸಂಖ್ಯೆಯೂ ಒಂದೇ. ಪಟ್ಟಿಯ ಪ್ರಕಾರ ಈ ಎರಡಕ್ಕೂ ಪೂರ್ತಿ ಹೊಂದಾಣಿಕೆಯಿದೆ. ಆದರೆ ಪ್ರೋಗ್ರಾಂ ಓಡುವುದು ಪಟ್ಟಿಯ ಮೇಲಲ್ಲ, ಸಿಲಿಕಾನ್ ತುಣುಕಿನ ಮೇಲೆ. ಚಿಪ್ಪು ತಯಾರಿಸಿದವರು ಕೊಟ್ಟ ಮಾತು ಒಂದು, ಚಿಪ್ಪು ನಿಜವಾಗಿ ನಡೆದುಕೊಳ್ಳುವ ರೀತಿ ಇನ್ನೊಂದು. ಹಳೆಯ ಪ್ರೊಸೆಸರುಗಳ ಸೋದರ ಚಿಪ್ಪುಗಳ ನಡುವೆ ಎದ್ದ ಬಹುತೇಕ ತಕರಾರುಗಳು ಈ ಎರಡರ ನಡುವಿನ ಸಂದಿಯಲ್ಲೇ ಹುಟ್ಟಿದಂಥವು.

*

6502 ಹುಟ್ಟಿದ್ದೇ ಹೊಂದಾಣಿಕೆಯ ಜಗಳದ ನಡುವೆ. 1974ರಲ್ಲಿ ಚಕ್ ಪೆಡಲ್, ಬಿಲ್ ಮೆನ್ಶ್ ಮೊದಲಾದವರ ಗುಂಪೊಂದು ಮೊಟೊರೊಲಾ ಬಿಟ್ಟು ಪೆನ್ಸಿಲ್ವೇನಿಯಾದ ಮಾಸ್ ಟೆಕ್ನಾಲಜಿ ಎಂಬ ಕಂಪನಿಗೆ ಬಂತು. ಮೊಟೊರೊಲಾದ 6800 ಪ್ರೊಸೆಸರಿನ ಕೆಲಸದಲ್ಲಿದ್ದವರು ಇವರು. ಅಗ್ಗದ ಪ್ರೊಸೆಸರ್ ಬೇಕೆಂದು ಹಳೆಯ ಕಂಪನಿಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. 1975ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಕಾನ್ ಮೇಳದ ಹೊತ್ತಿಗೆ ಅವರ ಎರಡು ಚಿಪ್ಪುಗಳು ಸಿದ್ಧವಾಗಿದ್ದವು: 20 ಡಾಲರಿನ 6501, 25 ಡಾಲರಿನ 6502. ಇಂಟೆಲ್, ಮೊಟೊರೊಲಾಗಳ ಚಿಪ್ಪುಗಳನ್ನು ಬಿಡಿಯಾಗಿ ಕೊಳ್ಳಲು ನೂರು ಡಾಲರಿಗೂ ಹೆಚ್ಚು ತೆರಬೇಕಿದ್ದ ಕಾಲ ಅದು.

ಇವೆರಡರ ಒಳಗಿನ ಆದೇಶಗಳು ಒಂದೇ, ಹೊರಗಿನ ಪಿನ್ನುಗಳು ಬೇರೆ. 6501 ಮೊಟೊರೊಲಾ 6800ರ ಸಾಕೆಟ್ಟಿನಲ್ಲಿ ನೇರವಾಗಿ ಕೂರುತ್ತಿತ್ತು. ಕೂರುತ್ತಿತ್ತು, ಅಷ್ಟೇ. 6800ಕ್ಕೆ ಬರೆದ ಒಂದು ಪ್ರೋಗ್ರಾಮೂ ಅದರ ಮೇಲೆ ಓಡುತ್ತಿರಲಿಲ್ಲ. ಸಾಕೆಟ್ಟಿಗೆ ಹೊಂದುವುದು ಬೇರೆ, ಪ್ರೋಗ್ರಾಮಿಗೆ ಹೊಂದುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ನನಗೆ ಸಿಕ್ಕಿಲ್ಲ. ಮೊಟೊರೊಲಾ ದಾವೆ ಹೂಡಿತು. 1976ರಲ್ಲಿ ಮಾಸ್ ಟೆಕ್ನಾಲಜಿ 2 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. 6501 ಮಾರುಕಟ್ಟೆಯಿಂದ ಮರೆಯಾಯಿತು, 6502 ಉಳಿಯಿತು.

ಉಳಿದ 6502 ಕೂಡ ಎಲ್ಲ ಕಾಲಕ್ಕೂ ಒಂದೇ ಚಿಪ್ಪಾಗಿರಲಿಲ್ಲ. ಮೊದಮೊದಲು ತಯಾರಾದವುಗಳಲ್ಲಿ ಬಿಟ್ಟುಗಳನ್ನು ಬಲಕ್ಕೆ ತಿರುಗಿಸುವ ‘ಆರ್‌ಒಆರ್’ ಆದೇಶವೇ ಇರಲಿಲ್ಲ. 1976ರ ಜೂನ್ ನಂತರದ ಚಿಪ್ಪುಗಳಲ್ಲಿ ಅದು ಸಿಗುತ್ತದೆಂದು ಕಂಪನಿಯ ಕೈಪಿಡಿಯೇ ಹೇಳಿತ್ತು. ಆ ಮೊದಲ ಚಿಪ್ಪುಗಳಿಗೆ ಆರ್‌ಒಆರ್ ಸಂಕೇತ ಕೊಟ್ಟರೆ ಬಿಟ್ಟುಗಳು ಬಲಕ್ಕೆ ತಿರುಗುವ ಬದಲು ಎಡಕ್ಕೆ ಸರಿಯುತ್ತವೆ, ಕ್ಯಾರಿ ಬಿಟ್ ಇದ್ದ ಹಾಗೇ ಇರುತ್ತದೆ. ಬೆನ್ನ ಮೇಲೆ 6502 ಎಂಬ ಅದೇ ಅಂಕಿ ಹೊತ್ತ ಎರಡು ಚಿಪ್ಪುಗಳ ನಡುವೆಯೇ ಇಷ್ಟು ವ್ಯತ್ಯಾಸ.

*

ಒಂದು ಬೈಟಿನಲ್ಲಿ 256 ಸಂಕೇತಗಳಿಗೆ ಜಾಗವಿದೆ. 6502ರ ಕೈಪಿಡಿ ಅವುಗಳಲ್ಲಿ 151ಕ್ಕೆ ಅರ್ಥ ಹೇಳಿತು. ಉಳಿದ 105ರ ಬಗ್ಗೆ ಮೌನ. ಆ ಸಂಕೇತಗಳನ್ನು ಕೊಟ್ಟರೆ ಚಿಪ್ಪು ಏನು ಮಾಡುತ್ತದೆ?

ಅದು ಅವುಗಳನ್ನು ನಿರಾಕರಿಸುವುದಿಲ್ಲ, ಏಕೆಂದರೆ ನಿರಾಕರಿಸಲು ಬೇಕಾದ ಸರ್ಕ್ಯೂಟೇ ಅದರಲ್ಲಿಲ್ಲ. ಸುಮಾರು 3,500 ಟ್ರಾನ್ಸಿಸ್ಟರುಗಳಲ್ಲಿ ಇಡೀ ಪ್ರೊಸೆಸರನ್ನು ಮುಗಿಸಬೇಕಿದ್ದವರಿಗೆ, ಯಾರೂ ಬಳಸಬಾರದ ಸಂಕೇತಗಳಿಗಾಗಿ ಒಂದು ಟ್ರಾನ್ಸಿಸ್ಟರನ್ನೂ ಖರ್ಚು ಮಾಡುವ ಅನುಕೂಲವಿರಲಿಲ್ಲ. ಸಂಕೇತವನ್ನು ಬಿಡಿಸಿ ಓದಲು ಚಿಪ್ಪಿನ ಒಂದು ಅಂಚಿನಲ್ಲಿ ಸುಮಾರು 130 ಗೆರೆಗಳ ಒಂದು ಜಾಲರಿಯಿದೆ. ಪ್ರತಿಯೊಂದು ಗೆರೆಯೂ ಸಂಕೇತದ ಕೆಲವು ಬಿಟ್ಟುಗಳನ್ನಷ್ಟೇ ನೋಡಿ ಎಚ್ಚರಗೊಳ್ಳುತ್ತದೆ. ವಿಳಾಸವನ್ನು ಪೂರ್ತಿ ಓದದೆ ಬೀದಿಯ ಹೆಸರು ಕಂಡೊಡನೆ ಪತ್ರ ವಿಂಗಡಿಸುವ ಅಂಚೆಯಣ್ಣನ ಹಾಗೆ. ವಿಳಾಸದಲ್ಲಿ ಎರಡು ಬೀದಿಗಳ ಹೆಸರಿದ್ದರೆ ಎರಡು ಕಡೆಯೂ ಬಾಗಿಲು ತಟ್ಟಿದಂತೆಯೇ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಮೆಮೊರಿಯಿಂದ ಎ ರಿಜಿಸ್ಟರಿಗೆ ಸಂಖ್ಯೆ ತರುವ ಆದೇಶ ‘ಎಲ್‌ಡಿಎ’. ಅದರ ಒಂದು ರೂಪದ ಸಂಕೇತ 10100101. ಎಕ್ಸ್ ರಿಜಿಸ್ಟರಿಗೆ ತರುವುದು ‘ಎಲ್‌ಡಿಎಕ್ಸ್’, ಅದರ ಸಂಕೇತ 10100110. ವ್ಯತ್ಯಾಸ ಇರುವುದು ಕೊನೆಯ ಎರಡು ಬಿಟ್ಟುಗಳಲ್ಲಿ ಮಾತ್ರ. ಕೊನೆಯ ಬಿಟ್ 1 ಆಗಿದ್ದರೆ ಎ ರಿಜಿಸ್ಟರಿನ ಗೆರೆ ಏಳುತ್ತದೆ, ಅದರ ಹಿಂದಿನದು 1 ಆಗಿದ್ದರೆ ಎಕ್ಸ್‌ನ ಗೆರೆ ಏಳುತ್ತದೆ. ಈಗ 10100111 ಕೊಡಿ. ಕೈಪಿಡಿಯಲ್ಲಿ ಇದಿಲ್ಲ. ಚಿಪ್ಪಿನಲ್ಲಿ ಎರಡೂ ಗೆರೆಗಳು ಒಟ್ಟಿಗೆ ಏಳುತ್ತವೆ, ಮೆಮೊರಿಯ ಒಂದೇ ಸಂಖ್ಯೆ ಒಂದೇ ಏಟಿಗೆ ಎ ಮತ್ತು ಎಕ್ಸ್ ಎರಡಕ್ಕೂ ಬಂದು ಸೇರುತ್ತದೆ. ಬಳಸಿದವರು ಇದಕ್ಕೆ ‘ಲ್ಯಾಕ್ಸ್’ ಎಂದು ಹೆಸರಿಟ್ಟರು.

ಮೆಮೊರಿಗೆ ಬರೆಯುವ ಕಡೆಯೂ ಇದೇ ಆಟ ನಡೆಯುತ್ತದೆ. 10000101 ಎಂದರೆ ಎ ರಿಜಿಸ್ಟರನ್ನು ಬರೆ, 10000110 ಎಂದರೆ ಎಕ್ಸ್ ಅನ್ನು ಬರೆ. 10000111 ಕೊಟ್ಟರೆ ಎರಡೂ ರಿಜಿಸ್ಟರುಗಳು ಒಂದೇ ತಂತಿಯ ಮೇಲೆ ತಮ್ಮ ತಮ್ಮ ಬಿಟ್ ಇಡಲು ಹೋಗುತ್ತವೆ. ಈ ಚಿಪ್ಪನ್ನು ತಯಾರಿಸಿದ ಎನ್‌ಮಾಸ್ ತಂತ್ರಜ್ಞಾನದಲ್ಲಿ ತಂತಿಯನ್ನು ಕೆಳಕ್ಕೆಳೆಯುವ ಟ್ರಾನ್ಸಿಸ್ಟರಿಗೆ ಬಲ ಹೆಚ್ಚು, ಹೀಗಾಗಿ ಒಂದು ಕಡೆ 0, ಇನ್ನೊಂದು ಕಡೆ 1 ಬಂದರೆ 0 ಗೆಲ್ಲುತ್ತದೆ. ಮೆಮೊರಿಗೆ ಹೋಗುವುದು ಎ ಮತ್ತು ಎಕ್ಸ್‌ಗಳ ‘ಆ್ಯಂಡ್’ ಫಲ. ಯಾರೂ ವಿನ್ಯಾಸ ಮಾಡದ ಒಂದು ಉಪಯುಕ್ತ ಆದೇಶ ಹೀಗೆ ತಾನೇ ಹುಟ್ಟಿಕೊಂಡಿತು.

105ರಲ್ಲಿ ಎಲ್ಲವೂ ಇಷ್ಟು ಸೌಮ್ಯವಲ್ಲ. ಅವುಗಳಲ್ಲಿ ಹನ್ನೆರಡು ಸಂಕೇತಗಳು ಪ್ರೊಸೆಸರನ್ನು ಇದ್ದಲ್ಲೇ ಹೆಪ್ಪುಗಟ್ಟಿಸುತ್ತವೆ. ಆಮೇಲೆ ರಿಸೆಟ್ ಒತ್ತದೆ ಬೇರೆ ದಾರಿಯಿಲ್ಲ. ಇನ್ನು ಕೆಲವು ಸಂಕೇತಗಳ ಫಲ ಚಿಪ್ಪಿನಿಂದ ಚಿಪ್ಪಿಗೆ, ಚಿಪ್ಪಿನ ಬಿಸಿಯೇರಿದಂತೆಲ್ಲ ಬದಲಾಗುತ್ತದೆ. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ.

ಲ್ಯಾಕ್ಸ್‌ನಂಥವನ್ನು ಬಳಸಿದ ಪ್ರೋಗ್ರಾಮರುಗಳನ್ನು ಬೇಜವಾಬ್ದಾರಿಗಳೆಂದು ದೂರುವುದುಂಟು. ನಾನು ಒಪ್ಪುವುದಿಲ್ಲ. 64 ಕಿಲೋಬೈಟ್ ಮೆಮೊರಿಯೊಳಗೆ, ಒಂದು ಮೆಗಾಹರ್ಟ್ಸ್ ಆಸುಪಾಸಿನ ವೇಗದಲ್ಲಿ ಪರದೆಯ ಮೇಲೆ ಚಿತ್ರ ಓಡಿಸಬೇಕಿದ್ದವರಿಗೆ ಎರಡು ಆದೇಶದ ಕೆಲಸ ಒಂದರಲ್ಲಿ ಆಗುವುದೆಂದರೆ ದೊಡ್ಡ ಲಾಭ. ಜೊತೆಗೆ ಅವರ ಮುಂದಿದ್ದ ಯಂತ್ರಗಳಲ್ಲೆಲ್ಲ ಅದು ಒಂದೇ ರೀತಿ ನಡೆಯುತ್ತಿತ್ತು. ಅವರ ಪಾಲಿಗೆ ಕಮೊಡೋರ್ 64 ಎಂದರೆ ಆ ಒಂದು ಯಂತ್ರ, ಮುಂದೆ ಬರಲಿರುವ ಸಂತತಿಯಲ್ಲ.

ಆ ಸಂತತಿ ಬಂದಾಗ ಏನಾಯಿತೆಂದು ನೋಡಿ. 65ಸಿ02 ಬಿಲ್ ಮೆನ್ಶ್ ಅವರದೇ ಕೂಸು. ಮಾಸ್ ಟೆಕ್ನಾಲಜಿ ಬಿಟ್ಟ ಮೇಲೆ ಅವರು 1978ರಲ್ಲಿ ಅರಿಜೋನಾದ ಮೇಸಾದಲ್ಲಿ ವೆಸ್ಟರ್ನ್ ಡಿಸೈನ್ ಸೆಂಟರ್ ಎಂಬ ಸ್ವಂತ ಕಂಪನಿ ಕಟ್ಟಿದ್ದರು. ಹೆಸರಿನಲ್ಲಿರುವ ‘ಸಿ’ ವಿದ್ಯುತ್ತನ್ನು ಮಿತವಾಗಿ ಬಳಸುವ ಸೀಮಾಸ್ ತಂತ್ರಜ್ಞಾನದ್ದು. ಅವರು ಹೊಸ ಆದೇಶಗಳನ್ನು ಸೇರಿಸಿ 151ನ್ನು 178ಕ್ಕೆ ಏರಿಸಿದರು. ಮಿಕ್ಕ ಸಂಕೇತಗಳಿಗೆಲ್ಲ ‘ಏನೂ ಮಾಡಬೇಡ’ ಎಂಬ ಒಂದೇ ಅರ್ಥ ಕೊಟ್ಟು ಬಾಗಿಲು ಹಾಕಿದರು. ರಾಕ್‌ವೆಲ್ ಕಂಪನಿ ಅದೇ ವಿನ್ಯಾಸ ಪಡೆದು, ಒಂದೊಂದು ಬಿಟ್ಟನ್ನು ಏರಿಸುವ, ಇಳಿಸುವ, ಪರೀಕ್ಷಿಸುವ 32 ಸಂಕೇತಗಳನ್ನು ತನ್ನ ಕಡೆಯಿಂದ ಸೇರಿಸಿತು. ಮೆನ್ಶ್ ಕಂಪನಿ ಕೊನೆಗೆ ಅವನ್ನೂ ಒಪ್ಪಿಕೊಂಡು, ಮೇಲೆ ಇನ್ನೆರಡು ಸೇರಿಸಿ, ಈಗ ಮಾರುವ ಚಿಪ್ಪಿನಲ್ಲಿ 212ಕ್ಕೆ ತಂದಿದೆ.

ಈಗ ಅದೇ 10100111, ಅದರ ಬೆನ್ನಿಗೆ ವಿಳಾಸದ ಒಂದು ಬೈಟ್. ಹಳೆಯ 6502ರಲ್ಲಿ ಇದು ಲ್ಯಾಕ್ಸ್: ಎರಡು ರಿಜಿಸ್ಟರುಗಳಿಗೆ ಸಂಖ್ಯೆ ಬರುತ್ತದೆ. ರಾಕ್‌ವೆಲ್ ಚಿಪ್ಪಿನಲ್ಲಿ ಇದು ಆ ವಿಳಾಸದಲ್ಲಿರುವ ಬೈಟಿನ 2ನೇ ಬಿಟ್ಟನ್ನು ಏರಿಸುತ್ತದೆ: ರಿಜಿಸ್ಟರುಗಳಿಗೆ ಏನೂ ಬರುವುದಿಲ್ಲ, ಮೆಮೊರಿ ಮಾತ್ರ ಸದ್ದಿಲ್ಲದೆ ಕೆಡುತ್ತದೆ. ರಾಕ್‌ವೆಲ್ ಸೇರ್ಪಡೆಯಿಲ್ಲದ ಮೊದಲಿನ 65ಸಿ02ರಲ್ಲಿ ಇದು ಏನೂ ಮಾಡದ ಒಂದು ಬೈಟಿನ ಆದೇಶ. ಅಂದರೆ ಪ್ರೊಸೆಸರ್ ಅದನ್ನು ದಾಟಿ, ವಿಳಾಸವೆಂದು ಬರೆದಿಟ್ಟ ಮುಂದಿನ ಬೈಟನ್ನೇ ಆದೇಶವೆಂದು ತಿಳಿದು ಪಾಲಿಸತೊಡಗುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ಆ ವಿಳಾಸ ಯಾವುದಿತ್ತು ಎಂಬುದರ ಮೇಲೆ ನಿಂತಿದೆ. ಅವೇ ಎರಡು ಬೈಟುಗಳಿಗೆ ಮೂರು ಸೋದರರು ಮೂರು ಬಗೆಯಲ್ಲಿ ನಡೆದುಕೊಳ್ಳುತ್ತಾರೆ.

*

ಕರ್ನಾಟಕದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ 6502ಕ್ಕಿಂತ ಇಂಟೆಲ್‌ನ 8085 ಹತ್ತಿರದ್ದು. ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದ ಕಿಟ್ ಮುಂದೆ ಕೂತು, ಹೆಕ್ಸ್ ಕೋಡನ್ನು ಒಂದೊಂದಾಗಿ ಒತ್ತಿ, ಕೆಂಪು ಅಂಕಿಗಳಲ್ಲಿ ಉತ್ತರ ಮೂಡುವುದನ್ನು ಕಾದವರು ಸಾವಿರಾರು ಮಂದಿ. ಅವರು ಓದಿದ ಪಠ್ಯಪುಸ್ತಕದಲ್ಲಿ 74 ಆದೇಶಗಳು, 246 ಸಂಕೇತಗಳು. ಹತ್ತು ಖಾಲಿ. ಆ ಹತ್ತರ ಬಗ್ಗೆ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಆ ಹತ್ತು ಖಾಲಿಯೇನಲ್ಲ. 1979ರ ಆರಂಭದಲ್ಲೇ ಅಮೆರಿಕದ ‘ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಅವುಗಳ ಪಟ್ಟಿ ಅಚ್ಚಾಗಿತ್ತು. ಇವು 6502ರಲ್ಲಿ ಕಂಡಂತೆ ಆಕಸ್ಮಿಕವಾಗಿ ಹುಟ್ಟಿದವಲ್ಲ. ಇಂಟೆಲ್‌ನ ವಿನ್ಯಾಸಕಾರರೇ ಬೇಕೆಂದು ಇಟ್ಟು, ಕೈಪಿಡಿಯಲ್ಲಿ ಮಾತ್ರ ಕಾಣಿಸದೆ ಬಿಟ್ಟವು. ಹೆಕ್ಸ್ 08 ಒತ್ತಿದರೆ ‘ಎಚ್‌ಎಲ್’ ರಿಜಿಸ್ಟರ್ ಜೋಡಿಯಿಂದ ‘ಬಿಸಿ’ ಜೋಡಿಯನ್ನು ಕಳೆಯುತ್ತದೆ, 16 ಬಿಟ್‌ನ ವ್ಯವಕಲನ ಒಂದೇ ಆದೇಶದಲ್ಲಿ. ಪ್ರಯೋಗಾಲಯದಲ್ಲಿ ಅದೇ ಲೆಕ್ಕಕ್ಕೆ ನಾವು ಕೆಳಗಿನ ಬೈಟ್ ಕಳೆದು, ‘ಬಾರೋ’ (ಎರವಲು) ನೋಡಿಕೊಂಡು, ಮೇಲಿನ ಬೈಟ್ ಕಳೆಯುವ ಉದ್ದನೆಯ ಪ್ರೋಗ್ರಾಂ ಬರೆಯುತ್ತೇವೆ.

ಇದೇ 08ನ್ನು 8085ರ ಹಿಂದಿನ ತಲೆಮಾರಾದ 8080ಕ್ಕೆ ಕೊಟ್ಟರೆ ಏನೂ ಆಗದು, ಮುಂದಿನ ಆದೇಶಕ್ಕೆ ಹೋಗುತ್ತದೆ. 8080ನ್ನು ವಿನ್ಯಾಸ ಮಾಡಿದ ಫೆಡೆರಿಕೊ ಫ್ಯಾಜಿನ್ ಇಂಟೆಲ್ ಬಿಟ್ಟು ಕಟ್ಟಿದ ಜೈಲಾಗ್ ಕಂಪನಿಯ ಝಡ್80ಕ್ಕೆ ಕೊಟ್ಟರೆ ಎ ರಿಜಿಸ್ಟರು ಮತ್ತು ಲೆಕ್ಕದ ಫಲ ಎಂಥದ್ದೆಂದು ಗುರುತಿಡುವ ಫ್ಲ್ಯಾಗುಗಳು ತಮ್ಮ ಬದಲಿ ಜೋಡಿಯೊಂದಿಗೆ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಝಡ್80 ಮತ್ತು 8085 ಎರಡೂ 1976ರ ಚಿಪ್ಪುಗಳು, ಎರಡೂ 8080ಕ್ಕೆ ಹೊಂದುತ್ತೇವೆಂದು ಹೇಳಿಕೊಂಡೇ ಬಂದವು. 8080ರ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ನಿಜ. ಆದರೆ 8080 ಖಾಲಿ ಬಿಟ್ಟ ಹನ್ನೆರಡು ಸಂಕೇತಗಳನ್ನು ಇಬ್ಬರೂ ತಮ್ಮ ತಮ್ಮ ಇಷ್ಟದಂತೆ ತುಂಬಿಕೊಂಡರು.

ಹೆಚ್ಚುಕಡಿಮೆ ಎಂದೆ, ಏಕೆಂದರೆ ಕೈಪಿಡಿಯಲ್ಲಿರುವ ಆದೇಶದಲ್ಲೇ ಒಂದು ಬಿರುಕಿದೆ. ಲೆಕ್ಕದ ಫಲದಲ್ಲಿ 1ಗಳ ಸಂಖ್ಯೆ ಸಮವೋ ಬೆಸವೋ ಎಂದು 8080ರ ಪ್ಯಾರಿಟಿ ಫ್ಲ್ಯಾಗ್ ಹೇಳುತ್ತದೆ. ಝಡ್80ರಲ್ಲಿ ಕೂಡುವ, ಕಳೆಯುವ ಲೆಕ್ಕಗಳ ನಂತರ ಅದೇ ಫ್ಲ್ಯಾಗ್ ಓವರ್‌ಫ್ಲೋ ಆಯಿತೇ ಇಲ್ಲವೇ ಎಂದು ಹೇಳುತ್ತದೆ. ಇದರಿಂದ ಒಂದು ಉಪಯೋಗವೂ ಆಯಿತು. ಎ ರಿಜಿಸ್ಟರಿನಿಂದ ಎ ರಿಜಿಸ್ಟರನ್ನೇ ಕಳೆಯಿರಿ. ಫಲ ಸೊನ್ನೆ, ಅದರಲ್ಲಿ 1ಗಳೇ ಇಲ್ಲ, ಹೀಗಾಗಿ 8080ರಲ್ಲಿ ಫ್ಲ್ಯಾಗ್ ಏರುತ್ತದೆ. ಝಡ್80ರಲ್ಲಿ ಓವರ್‌ಫ್ಲೋ ಆಗಿಲ್ಲ, ಫ್ಲ್ಯಾಗ್ ಇಳಿದಿರುತ್ತದೆ. ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕಾಲದ ಪ್ರೋಗ್ರಾಮುಗಳು ತಾವು ಯಾವ ಚಿಪ್ಪಿನ ಮೇಲಿದ್ದೇವೆ ಎಂದು ತಿಳಿಯುತ್ತಿದ್ದದ್ದು ಹೀಗೆಯೇ. ತಿಳಿಯದೆ ನಿರ್ವಾಹವಿರಲಿಲ್ಲ. ಸಿಪಿ/ಎಂಗೆ ಬಂದ ಟರ್ಬೊ ಪ್ಯಾಸ್ಕಲ್ ಕಂಪೈಲರ್ ಝಡ್80 ಇದ್ದರಷ್ಟೇ ಓಡುತ್ತಿತ್ತು.

*

ದೋಷ ತಿದ್ದುವುದೂ ಹೊಂದಾಣಿಕೆಯನ್ನು ಕೆಡಿಸಬಲ್ಲದು. 6502ರಲ್ಲಿ ಮೆಮೊರಿಯನ್ನು 256 ಬೈಟಿನ ಪುಟಗಳಾಗಿ ಎಣಿಸುತ್ತಾರೆ. ‘ಈ ಜಾಗದಲ್ಲಿ ಬರೆದಿರುವ ವಿಳಾಸಕ್ಕೆ ಹೋಗು’ ಎನ್ನುವ ಜಿಗಿತದ ಆದೇಶವೊಂದಿದೆ. ವಿಳಾಸ ಎರಡು ಬೈಟಿನದು. ಮೊದಲ ಬೈಟ್ ಪುಟದ ಕೊನೆಯ ಜಾಗದಲ್ಲಿದ್ದರೆ ಎರಡನೆಯದು ಮುಂದಿನ ಪುಟದ ಮೊದಲಲ್ಲಿ ಇರಬೇಕು. ಆದರೆ 6502 ಮುಂದಿನ ಪುಟಕ್ಕೆ ದಾಟದೆ ಅದೇ ಪುಟದ ಆರಂಭಕ್ಕೆ ಹೋಗಿ ಓದುತ್ತದೆ, ಎಲ್ಲಿಗೋ ಜಿಗಿಯುತ್ತದೆ. ಪುಟದ ಸಂಖ್ಯೆಗೆ ಒಂದು ಕೂಡಿಸಲು ಇನ್ನೊಂದು ಮಿಡಿತ ಬೇಕಿತ್ತು, ಅದನ್ನು ಕೊಟ್ಟಿರಲಿಲ್ಲ. 65ಸಿ02 ಆ ಮಿಡಿತ ಕೊಟ್ಟು ದೋಷ ಕಳೆಯಿತು. ಐದು ಮಿಡಿತದ ಜಿಗಿತ ಆರಾಯಿತು. ದಶಮಾನ ರೀತಿಯಲ್ಲಿ ಕೂಡುವಾಗ ಹಳೆಯ ಚಿಪ್ಪು ಕೆಲವು ಫ್ಲ್ಯಾಗುಗಳನ್ನು ತಪ್ಪಾಗಿ ತೋರಿಸುತ್ತಿತ್ತು. ಅದನ್ನು ಸರಿಪಡಿಸಿದ್ದಕ್ಕೂ ಒಂದು ಮಿಡಿತದ ಬೆಲೆ.

ಒಂದು ಮಿಡಿತ ಎಂದರೆ ಮೆಗಾಹರ್ಟ್ಸ್ ಯಂತ್ರದಲ್ಲಿ ಒಂದು ಮೈಕ್ರೊಸೆಕೆಂಡ್. ಅದರಿಂದ ಏನು ಕೆಟ್ಟೀತು ಎನಿಸಬಹುದು. 1977ರ ಅಟಾರಿ 2600 ಆಟದ ಪೆಟ್ಟಿಗೆಯಲ್ಲಿದ್ದದ್ದು 6502ರ ಕಿರಿಯ ರೂಪ, 28 ಪಿನ್ನುಗಳ 6507. ಆ ಯಂತ್ರದಲ್ಲಿ ಇಡೀ ಚಿತ್ರವನ್ನು ಹಿಡಿದಿಡುವಷ್ಟು ಮೆಮೊರಿ ಇಲ್ಲ. ಟಿವಿಯ ಒಂದೊಂದು ಗೆರೆಯನ್ನೂ ಅದು ಮೂಡುವ ಹೊತ್ತಿನಲ್ಲೇ ಪ್ರೋಗ್ರಾಂ ಒದಗಿಸಬೇಕು. ಒಂದು ಗೆರೆಗೆ ಸಿಗುವುದು 76 ಮಿಡಿತ. ಅಲ್ಲಿ ಆದೇಶಗಳನ್ನು ಆರಿಸುವುದೇ ಮಿಡಿತ ಎಣಿಸಿ. ಇಂಥ ಪ್ರೋಗ್ರಾಮಿನ ಪಾಲಿಗೆ ಒಂದು ಆದೇಶ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಆ ಆದೇಶದ ಅರ್ಥದಲ್ಲೇ ಸೇರಿದೆ.

ದಶಮಾನದ ಪ್ರಸ್ತಾಪ ಬಂದಾಗ ನಿಂಟೆಂಡೊ ನೆನಪಾಗುತ್ತದೆ. 1983ರಲ್ಲಿ ಜಪಾನಿನಲ್ಲಿ ಬಂದ ಅದರ ಫ್ಯಾಮಿಕಾಮ್ ಆಟದ ಯಂತ್ರಕ್ಕೆ ರಿಕೋ ಕಂಪನಿ ತಯಾರಿಸಿದ ಚಿಪ್ಪಿನ ತಿರುಳೂ 6502. ಅದಕ್ಕೆ ದಶಮಾನ ರೀತಿಗೆ ಬದಲಾಗು ಎಂದು ಆದೇಶ ಕೊಟ್ಟರೆ ಒಪ್ಪಿಕೊಳ್ಳುತ್ತದೆ, ಫ್ಲ್ಯಾಗೂ ಏರುತ್ತದೆ, ಕೂಡುವಾಗ ಮಾತ್ರ ಮಾಮೂಲಿ ದ್ವಿಮಾನದಲ್ಲೇ ಕೂಡುತ್ತದೆ. ಚಿಪ್ಪನ್ನು ತೆರೆದು ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ನೋಡಿದವರಿಗೆ ದಶಮಾನದ ಸರ್ಕ್ಯೂಟ್ ಬಹುಪಾಲು ಹಾಗೇ ಕಂಡಿತು. ಅದಕ್ಕೆ ಸಂಪರ್ಕ ಕೊಡುವ ಐದು ಟ್ರಾನ್ಸಿಸ್ಟರುಗಳು ಮಾತ್ರ ಇರಲಿಲ್ಲ. ಲೆಕ್ಕ ನಡೆಯುತ್ತಿರುವಾಗಲೇ ಫಲವನ್ನು ದಶಮಾನಕ್ಕೆ ತಿದ್ದುವ ಆ ಸರ್ಕ್ಯೂಟಿಗೆ 1976ರಿಂದ ಮಾಸ್ ಟೆಕ್ನಾಲಜಿಯ ಪೇಟೆಂಟ್ ಇತ್ತು. ಅದನ್ನು ತಪ್ಪಿಸಲೆಂದೇ ಹೀಗೆ ಮಾಡಿದರೆಂಬುದು ಬಹುಮಂದಿಯ ಊಹೆ.

ಭಾರತದ ಶಾಲೆಗಳಿಗೆ 6502 ಬಂದದ್ದು ಬಿಬಿಸಿ ಮೈಕ್ರೊ ರೂಪದಲ್ಲಿ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಈ ಕಂಪ್ಯೂಟರುಗಳನ್ನು ಕೊಟ್ಟಿತು. ಅದರಲ್ಲಿದ್ದದ್ದು ಎರಡು ಮೆಗಾಹರ್ಟ್ಸ್ ವೇಗದ 6502. 1986ರಲ್ಲಿ ಏಕಾರ್ನ್ ಅದರ ಉತ್ತರಾಧಿಕಾರಿಯಾಗಿ ಬಿಬಿಸಿ ಮಾಸ್ಟರ್ ತಂದಾಗ ಒಳಗೆ 65ಸಿ12 ಎಂಬ ಸೀಮಾಸ್ ಸೋದರ ಬಂದಿತ್ತು. ಏಕಾರ್ನ್ ಮೊದಲಿನಿಂದಲೂ ಒಂದು ಶಿಸ್ತನ್ನು ಪಟ್ಟಾಗಿ ಹೇಳಿಕೊಂಡು ಬಂದಿತ್ತು: ಹಾರ್ಡ್‌ವೇರನ್ನು ನೇರವಾಗಿ ಮುಟ್ಟಬೇಡಿ, ಬೇಕಾದ್ದನ್ನು ಆಪರೇಟಿಂಗ್ ಸಿಸ್ಟಮ್ಮಿನ ಮೂಲಕ ಕೇಳಿ. ಹಾಗೆ ಬರೆದ ಪ್ರೋಗ್ರಾಮುಗಳು ಮಾಸ್ಟರಿನಲ್ಲೂ, ಹೊರಗಿನಿಂದ ಜೋಡಿಸುವ ಎರಡನೆಯ ಪ್ರೊಸೆಸರಿನಲ್ಲೂ ಓಡಿದವು. ಕೈಪಿಡಿಯಾಚೆಯ ಸಂಕೇತಗಳನ್ನು ಬಳಸಿದವು ಮುಗ್ಗರಿಸಿದವು. ಈ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ಹೆಚ್ಚು ಜನ ಕಾತರದಿಂದ ಕಾಯುತ್ತಿದ್ದ ವೇಗದ ಆಟಗಳು ಈ ಶಿಸ್ತಿನೊಳಗೆ ಹಿಡಿಸುತ್ತಿರಲಿಲ್ಲ ಎಂಬುದೂ ನಿಜ.

ಮೆನ್ಶ್ ಅವರ ಮುಂದಿನ ಚಿಪ್ಪು 16 ಬಿಟ್‌ನ 65816. 1986ರ ಆ್ಯಪಲ್ ಐಐಜಿಎಸ್ ಕಂಪ್ಯೂಟರಿನಲ್ಲಿ ಅದನ್ನು ಬಳಸಿದರು. ವಿದ್ಯುತ್ ಕೊಟ್ಟೊಡನೆ ಅದು ಹಳೆಯ 8 ಬಿಟ್ ಪ್ರೊಸೆಸರಿನ ವೇಷದಲ್ಲೇ ಎಚ್ಚರಗೊಳ್ಳುತ್ತದೆ. ಪ್ರೋಗ್ರಾಂ ಕೇಳಿದರೆ ಮಾತ್ರ ನಿಜರೂಪಕ್ಕೆ ಬರುತ್ತದೆ. ನನಗೆ ಮೆಚ್ಚುಗೆಯಾದದ್ದು ಅದರ ಒಂದು ಸಣ್ಣ ವಿವರ. ಹಳೆಯ ವೇಷದಲ್ಲಿರುವಾಗ ಐಎನ್‌ಸಿಯಂಥ ಆದೇಶ ಬಂದರೆ ಅದು ಮೊದಲಿನ 6502ರ ಹಾಗೆ ಎರಡು ಸಲ ಬರೆಯುತ್ತದೆ. 65ಸಿ02ರಲ್ಲಿ ತೆಗೆದುಹಾಕಿದ್ದ ಅಭ್ಯಾಸ ಹಿಂದಕ್ಕೆ ಬಂದಿತ್ತು. ಜಿಗಿತದ ದೋಷ ಮಾತ್ರ ಹಿಂದಕ್ಕೆ ಬರಲಿಲ್ಲ. ಇನ್ನು 256 ಸಂಕೇತಗಳಲ್ಲಿ 255ಕ್ಕೆ ಅದರಲ್ಲಿ ಕೆಲಸವಿದೆ, ಒಂದು ಮುಂದಿನ ಬಳಕೆಗೆ ಮೀಸಲು. ಲ್ಯಾಕ್ಸ್‌ಗೆ ಅಲ್ಲೂ ಜಾಗ ಸಿಗಲಿಲ್ಲ.

ಹಳೆಯ ಯಂತ್ರಗಳನ್ನು ರಿಪೇರಿ ಮಾಡುವವರಿಗೆ ಆದೇಶಗಳಿಗಿಂತ ಮೊದಲು ಎದುರಾಗುವ ತೊಡಕು ಪಿನ್ನುಗಳದು. ಮೆನ್ಶ್ ಕಂಪನಿ ಇವತ್ತಿಗೂ 65ಸಿ02 ಮಾರುತ್ತದೆ, 40 ಪಿನ್ನುಗಳು, ಹಳೆಯ ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ. ಹಳೆಯ 6502ರ 1ನೇ ಪಿನ್ ಗ್ರೌಂಡ್, ಬೋರ್ಡಿನಲ್ಲಿ ಆ ತೂತನ್ನು ಗ್ರೌಂಡಿಗೇ ಜೋಡಿಸಿರುತ್ತಾರೆ. ಹೊಸ ಚಿಪ್ಪಿನಲ್ಲಿ 1ನೇ ಪಿನ್ ಒಂದು ಔಟ್‌ಪುಟ್. ಹಾಗೇ ಕೂರಿಸಿದರೆ ಚಿಪ್ಪಿನ ಔಟ್‌ಪುಟ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಬಲ್ಲವರು ಆ ಪಿನ್ನನ್ನು ಸಾಕೆಟ್ಟಿನ ಹೊರಕ್ಕೆ ಬಗ್ಗಿಸಿ ಕೂರಿಸುತ್ತಾರೆ. ಗ್ರೌಂಡಿಗೆ 21ನೇ ಪಿನ್ ಇದ್ದೇ ಇದೆ. ಹಳೆಯದರಲ್ಲಿ ಯಾವ ಕೆಲಸವೂ ಇಲ್ಲದ 36ನೇ ಪಿನ್ ಹೊಸದರಲ್ಲಿ ಬಸ್ಸಿನ ಅಂಕೆ ಹಿಡಿದಿರುವ ಇನ್‌ಪುಟ್, ಅದನ್ನು 5 ವೋಲ್ಟಿಗೆ ಕಟ್ಟಬೇಕು. ಅಷ್ಟು ಮಾಡಿದರೂ ಮುಗಿಯಲಿಲ್ಲ. ಹೊಸ ಚಿಪ್ಪು ಒಂದು ಸಿಗ್ನಲ್ಲನ್ನು 1 ಎಂದು ಒಪ್ಪಲು 3.5 ವೋಲ್ಟ್ ಕೇಳುತ್ತದೆ. ಸುತ್ತಲಿನ ಹಳೆಯ ಟಿಟಿಎಲ್ ಚಿಪ್ಪುಗಳು ಖಾತರಿ ಕೊಡುವುದು 2.4 ವೋಲ್ಟಿಗೆ. ಹೆಚ್ಚಿನ ಬೋರ್ಡುಗಳಲ್ಲಿ ಅದು ನಡೆದುಹೋಗುತ್ತದೆ. ನಡೆಯದ ಬೋರ್ಡಿನಲ್ಲಿ ದೋಷ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತ ಸತಾಯಿಸುತ್ತದೆ.

ಈಗ ಈ ಚಿಪ್ಪುಗಳ ಬಹುಪಾಲು ಬದುಕು ಎಮ್ಯುಲೇಟರುಗಳಲ್ಲಿ, ಅಂದರೆ ಹಳೆಯ ಯಂತ್ರಗಳನ್ನು ಅನುಕರಿಸುವ ಪ್ರೋಗ್ರಾಮುಗಳಲ್ಲಿದೆ. 2010ರಲ್ಲಿ ವಿಷುವಲ್ 6502 ಎಂಬ ತಂಡ ಚಿಪ್ಪಿನ ಹೊದಿಕೆ ತೆಗೆದು, ಚಿತ್ರ ತೆಗೆದು, ಪ್ರತಿಯೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿ, ಇಡೀ ಪ್ರೊಸೆಸರನ್ನು ತಂತಿ ತಂತಿಯಾಗಿ ಕಂಪ್ಯೂಟರಿನಲ್ಲಿ ಓಡುವಂತೆ ಮಾಡಿತು. ಆಮೇಲೆ 105 ಸಂಕೇತಗಳ ನಡತೆಯನ್ನು ಊಹಿಸಬೇಕಾಗಿಲ್ಲ, ನೋಡಬಹುದು. ಎಮ್ಯುಲೇಟರ್ ಬರೆಯುವವರು ಲ್ಯಾಕ್ಸನ್ನು, ಎರಡು ಸಲ ಬರೆಯುವ ಐಎನ್‌ಸಿಯನ್ನು, ಜಿಗಿತದ ದೋಷವನ್ನು ಇದ್ದಂತೆಯೇ ಮೂಡಿಸುತ್ತಾರೆ. ಅವನ್ನು ‘ಸರಿಪಡಿಸಿದರೆ’ ಆಟಗಳು ಓಡುವುದಿಲ್ಲ.

ಆದರೆ ಮೇಲೆ ಹೇಳಿದ, ಬಿಸಿಗೆ ಬದಲಾಗುವ ಸಂಕೇತಗಳಲ್ಲಿ ಅವರಿಗೂ ನೇರ ಉತ್ತರವಿಲ್ಲ. 10001011 ಅಂಥದ್ದೊಂದು. ಅದು ಎ ರಿಜಿಸ್ಟರಿನ ಬಿಟ್ಟುಗಳ ಜೊತೆ ಯಾವುದೋ ಒಂದು ಸಂಖ್ಯೆಯನ್ನು ‘ಆರ್’ ಮಾಡಿ, ಬಂದದ್ದನ್ನು ಎಕ್ಸ್ ರಿಜಿಸ್ಟರಿನೊಂದಿಗೂ ಆದೇಶದ ಬೆನ್ನಿಗಿರುವ ಬೈಟಿನೊಂದಿಗೂ ‘ಆ್ಯಂಡ್’ ಮಾಡುತ್ತದೆ. ಆ ಯಾವುದೋ ಸಂಖ್ಯೆ ಚಿಪ್ಪಿನೊಳಗಿನ ತಂತಿಗಳ ಎಳೆದಾಟದಲ್ಲಿ ಹುಟ್ಟುತ್ತದೆ. ಒಂದು ಚಿಪ್ಪಿನಲ್ಲಿ 00000000, ಇನ್ನೊಂದರಲ್ಲಿ 11111111, ಮತ್ತೊಂದರಲ್ಲಿ 11101110. ಇದನ್ನೂ ಬಳಸಿದವರಿದ್ದಾರೆ, ಬಹಳ ಎಚ್ಚರದಿಂದ. ಬೆನ್ನಿಗಿರುವ ಬೈಟ್ 00000000 ಆಗಿದ್ದರೆ ಯಾವ ಚಿಪ್ಪಿನಲ್ಲಾದರೂ ಫಲ ಸೊನ್ನೆಯೇ. ಎ ರಿಜಿಸ್ಟರಿನಲ್ಲಿ ಮೊದಲೇ 11111111 ತುಂಬಿಟ್ಟಿದ್ದರೆ ‘ಆರ್’ ಮಾಡುವ ಸಂಖ್ಯೆ ಯಾವುದಾದರೂ ವ್ಯತ್ಯಾಸವಾಗದು. ಇಂಥ ಸಂದರ್ಭಗಳಲ್ಲಿ ಆ ಸಂಕೇತವನ್ನು ಹಳೆಯ 6502ರ ಯಾವ ಪ್ರತಿಯ ಮೇಲಾದರೂ ನೆಚ್ಚಬಹುದು.